ಸಾಕ್ಷಿಗೆ ಬಿಟ್ಟ ಜಾಗ

ಅವರಿಗೆ ನಿಬ್ಬನ್ನು ತಲೆಗೂದಲಿಗೆ ಒರೆಸಿಕೊಳ್ಳುವ ಅಭ್ಯಾಸವಿತ್ತು. ಒಂದು ಸಾಲು ಬರೆಯುವುದು, ನಿಲ್ಲಿಸಿ ಓದುವುದು, ಬಲಗಿವಿಯ ಮೇಲಿನ ಕೂದಲಿಗೆ ನಿಬ್ಬು ಒರೆಸುವುದು, ಮತ್ತೆ ಮಸಿಗೆ ಅದ್ದುವುದು. ತಲೆ, ಗಡ್ಡ ಎಲ್ಲ ಅರಳೆಯ ಹಾಗೆ ಬೆಳ್ಳಗಾಗಿದ್ದರೂ ಕಿವಿಯ ಮೇಲೆ ಮಾತ್ರ ಎರಡು ಬೆರಳಗಲದ ನೀಲಿ ಪಟ್ಟೆ. ನಾನು ಹೊಸಕೋಟೆಗೆ ಬಂದ ಮೊದಲ ದಿನವೇ ಅದನ್ನು ಕಂಡು ನಕ್ಕುಬಿಟ್ಟಿದ್ದೆ. "ನಗಿ ಗೌಡ್ರೇ, ನಗಿ. ಶುಕ್ರವಾರ ತೊಳ್ಕೋತೀನಿ, ಶನಿವಾರ ಮತ್ತೆ ಹತ್ಕೊಳುತ್ತೆ. ಅನ್ನ ಕೊಡೋ ಮಸಿ, ಬಿಡು ಅಂದ್ರೆ ಬಿಡುತ್ತಾ?" ಅಂದರು.

ಊರವರು ಅವರನ್ನು ಪತ್ರದ ಸಾಬ್ರು ಎಂದು ಕರೆಯುತ್ತಿದ್ದರು. ನಿಜವಾದ ಹೆಸರು ಇಲ್ಲಿ ಬೇಡ. ಅವರ ಹೆಸರು ಹೇಳುವ ಯೋಗ್ಯತೆ ನನಗಿಲ್ಲ. ಯಾಕಿಲ್ಲ ಅನ್ನುವುದನ್ನು ಹೇಳುವುದಕ್ಕೇ ಈ ವಯಸ್ಸಿನಲ್ಲಿ ಕನ್ನಡಕ ಏರಿಸಿಕೊಂಡು ಕೂತಿದ್ದೇನೆ.

ಆಗಿನ್ನೂ ಎರಡನೆಯ ಮಹಾಯುದ್ಧ ಮುಗಿದಿರಲಿಲ್ಲ. ನಾನು ತ್ಯಾಮಗೊಂಡ್ಲು ಕಡೆಯವನು, ನಮ್ಮ ವಂಶದಲ್ಲೇ ಮೊದಲು ಇಂಗ್ಲಿಷ್ ಓದಿದವನು ಎಂಬ ಜಂಬದವನು. ಹೊಸಕೋಟೆಯಲ್ಲಿ ಜಮೀನಿನ ಪತ್ರಗಳನ್ನು ನೋಂದಣಿ ಮಾಡುವ ಕಚೇರಿಯಲ್ಲಿ ಗುಮಾಸ್ತನಾಗಿ ಬಂದೆ. ಗುಮಾಸ್ತ ಅಂದರೆ ತಾತ್ಕಾಲಿಕ ಗುಮಾಸ್ತ. ಆರಾರು ತಿಂಗಳಿಗೆ ಹೊಸ ಆರ್ಡರು ಬರಬೇಕು, ಬರದಿದ್ದರೆ ಮನೆಗೆ ಹೋಗಬೇಕು. ಖಾಯಂ ಆಗುವುದೊಂದೇ ನನ್ನ ಜಪ. ಹೆಣ್ಣು ಕೊಡುವವರೂ ಅದನ್ನೇ ಕೇಳುತ್ತಿದ್ದರು, ಬಾಡಿಗೆ ಮನೆಯವರೂ ಅದನ್ನೇ ಕೇಳುತ್ತಿದ್ದರು. ಕಚೇರಿಯ ಎದುರಿನ ಹೊಂಗೆ ಮರದ ಕೆಳಗೆ ಇಳಿಜಾರು ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಿದ್ದ ಸಾಬರು ಬೆಳಗ್ಗೆ ನನ್ನನ್ನು ಕಂಡೊಡನೆ, "ಏನ್ ಗೌಡ್ರೇ, ಖಾಯಂ ಆಯ್ತಾ?" ಎಂದು ಕೇಳುವರು. "ಇಲ್ಲ ಸಾಬ್ರೇ" ಅಂದರೆ, "ಆಗುತ್ತೆ ಬಿಡಿ, ಅಲ್ಲೀಗಂಟ ನಾನೂ ತಾತ್ಕಾಲಿಕವೇ" ಎಂದು ಆಕಾಶ ತೋರಿಸುವರು.

ಅವರ ಕಸುಬು ಪತ್ರ ಬರೆಯುವುದು. ಕ್ರಯಪತ್ರ, ದಾನಪತ್ರ, ಎಲ್ಲಕ್ಕಿಂತ ಹೆಚ್ಚಾಗಿ ಪಾಲುಪಟ್ಟಿ. ಅಣ್ಣತಮ್ಮಂದಿರು ಬೇರೆಯಾಗಬೇಕೆಂದರೆ ಸುತ್ತಿನ ಹಳ್ಳಿಯವರು ಬೇರೆ ಯಾರ ಹತ್ತಿರವೂ ಹೋಗುತ್ತಿರಲಿಲ್ಲ. ಮನೆಯಲ್ಲಿ ಉರ್ದು ಮಾತಾಡುವವರು, ಆದರೆ ಅವರು ಬರೆದ ಕನ್ನಡದಲ್ಲಿ ಒಂದು ಕೊಂಬು ಹೆಚ್ಚುಕಡಿಮೆ ಇದ್ದದ್ದನ್ನು ನಾನು ಕಾಣೆ. ಪಾಲುಪಟ್ಟಿಗೆ ಬಂದವರನ್ನು ಅವರು ಮೊದಲು ಕೇಳುತ್ತಿದ್ದದ್ದು ಜಮೀನಿನ ವಿಚಾರವಲ್ಲ. "ಹೆತ್ತವ್ವ ಯಾರ ಒಲೆಗೆ?" ಅದಕ್ಕೆ ಉತ್ತರ ಬರುವವರೆಗೆ ನಿಬ್ಬು ಮಸಿಗೆ ಇಳಿಯುತ್ತಿರಲಿಲ್ಲ. ಬರೆದದ್ದನ್ನು ಮೂರು ಸಲ ಗಟ್ಟಿಯಾಗಿ ಓದುತ್ತಿದ್ದರು, ಮೂರನೆಯ ಸಲ ದೂರದಲ್ಲಿ ನಿಂತ ಹೆಂಗಸರ ಕಡೆ ತಿರುಗಿಕೊಂಡು.

ಪದದ ವಿಷಯದಲ್ಲಿ ಅವರು ಮಹಾ ಜಿಪುಣ, ಮಹಾ ಅನುಮಾನದ ಮನುಷ್ಯ. ಯಾರೋ ಒಬ್ಬ, "ಬಾವಿಗೆ ದಾರಿ ಬಿಟ್ಟಿದೆ ಅಂತ ಬರೀರಿ" ಅಂದ. ಸಾಬರು ಪೆನ್ನು ಕೆಳಗಿಟ್ಟರು. "ಯಾವ ದಾರಿ? ಬಿಂದಿಗೆ ಹೊತ್ತೋಳು ಹೋಗೋದಾ, ಗಾಡಿ ಹೋಗೋದಾ? ಇವತ್ತು ನಿಮ್ಮಿಬ್ಬರಿಗೂ ಗೊತ್ತು. ನಾಳೆ ನಿಮ್ಮ ಮಕ್ಕಳಿಗೆ? ಪದಕ್ಕೆ ಎರಡು ಬಾಗಿಲು ಇರಬಾರದು ಕಣಪ್ಪಾ. ಒಂದರಾಗೆ ಅಣ್ಣ ಬರ್ತಾನೆ, ಇನ್ನೊಂದರಾಗೆ ತಮ್ಮ ಹೋಗ್ತಾನೆ, ನಡುಮನೇಲಿ ವಕೀಲ ಚಾಪೆ ಹಾಸ್ಕೊಂಡು ಮಲಗ್ತಾನೆ." ಅವರು ಬರೆದ ಪಾಲುಪಟ್ಟಿ ಕೋರ್ಟಿಗೆ ಹೋದದ್ದನ್ನು ನಾನು ಕೇಳಿಲ್ಲ.

ಇನ್ನೊಂದು ಸಲ ಒಬ್ಬ ರೈತ ಏದುಸಿರು ಬಿಡುತ್ತಾ ಬಂದ. ಅವನ ಚಿಕ್ಕಪ್ಪ ಬರೆಸಿದ ಪತ್ರಕ್ಕೆ ಇವನು ಸಾಕ್ಷಿ ಹಾಕಬೇಕಿತ್ತು. ಏನೋ ಅಡಚಣೆಯಾಗಿ ಬಂದಿರಲಿಲ್ಲ, ಅಷ್ಟರಲ್ಲಿ ಚಿಕ್ಕಪ್ಪ ತೀರಿಕೊಂಡಿದ್ದರು. ಈಗ ಹಾಕುತ್ತೇನೆ ಎಂದು ಹಟ ಹಿಡಿದ. ಸಾಬರು ಅವನನ್ನು ಮರದ ಕೆಳಗೆ ಕೂರಿಸಿ ನೀರು ಕೊಟ್ಟರು. "ಬರೆಸಿದೋನು ಕಣ್ಣೆದುರಿಗೆ ಇರೋವಾಗ ಹಾಕಬೇಕು ಸಾಕ್ಷಿ. ಹೋದ ಮೇಲೆ ಹಾಕೋದು ಸಾಕ್ಷಿ ಅಲ್ಲಪ್ಪ, ಅಳು. ಅಳೋದಾದ್ರೆ ಅಳು, ಪತ್ರದ ಮೇಲೆ ಬೇಡ" ಅಂದರು. ಅವನು ಅತ್ತ. ನಾನು ಕಿಟಕಿಯಿಂದ ನೋಡುತ್ತಿದ್ದೆ.

ಅಷ್ಟು ಪಾಲುಪಟ್ಟಿ ಬರೆದ ಮನುಷ್ಯ ಹೆಮ್ಮೆಪಟ್ಟುಕೊಳ್ಳುತ್ತಿದ್ದದ್ದು ಮಾತ್ರ ಬೇರೆಯೇ ಒಂದು ಪತ್ರದ ಬಗ್ಗೆ. ಸಮೇತನಹಳ್ಳಿಯ ಅಣ್ಣತಮ್ಮ ಇಬ್ಬರು ಇವರಿಂದಲೇ ಬರೆಸಿಕೊಂಡು ಬೇರೆಯಾಗಿದ್ದರು. ತಾಯಿ ಒಂದು ತಿಂಗಳು ಅಣ್ಣನ ಒಲೆ, ಒಂದು ತಿಂಗಳು ತಮ್ಮನ ಒಲೆ ಎಂದು ಬರೆದಿತ್ತು. ಮುದುಕಿ ಎರಡೂ ಒಲೆ ಒಲ್ಲೆ ಎಂದು ದನದ ಕೊಟ್ಟಿಗೆಯಲ್ಲಿ ಮೂರು ಕಲ್ಲು ಹೂಡಿ, "ನಂಗೂ ಒಂದು ಪಾಲು" ಎಂದು ತನ್ನ ಮುದ್ದೆ ತಾನೇ ಬೇಯಿಸಿಕೊಂಡಳು. ಮೂರು ವರ್ಷ. ಕೊನೆಗೆ ಮಕ್ಕಳಿಗೆ ನಾಚಿಕೆಯಾಗಿ ನಡುವಿನ ಗೋಡೆ ಕೆಡವಿ ಮತ್ತೆ ಒಂದಾದರು. ಅದಕ್ಕೂ ಒಂದು ಪತ್ರ ಬೇಕೆಂದು ಬಂದಾಗ ಸಾಬರು ಖುಷಿಯಿಂದ ಬರೆದು, ತಾವೇ ಅದಕ್ಕೆ ಕೂಡಿಕೆ ಪತ್ರ ಎಂದು ಹೆಸರಿಟ್ಟರು. ಈ ಕಥೆಯನ್ನು ನನಗೇ ಒಂದು ನೂರು ಸಲ ಹೇಳಿರಬೇಕು.

ಅವರಿಗಿದ್ದವನು ಒಬ್ಬನೇ ಮಗ. ಅವನು ಚಿಕ್ಕವನಿರುವಾಗಲೇ ಹೆಂಡತಿ ತೀರಿಕೊಂಡಿದ್ದರು. ತಾವೇ ಅಡುಗೆ ಮಾಡಿ, ಬೆಂಗಳೂರಿನಲ್ಲಿ ಇಟ್ಟು ಓದಿಸಿದ್ದರು. ಅವನಿಗೆ ಲಾಹೋರಿನ ಕಡೆ ರೈಲ್ವೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಯಾರನ್ನೂ ಕೇಳದೆ ಆ ಕಡೆಯ ಹುಡುಗಿಯನ್ನು ಮದುವೆಯಾದ. ಸಾಬರಿಗೆ ಬೆಂಕಿಯಂಥ ಕೋಪ ಬಂತು. ಒಂದು ವರ್ಷ ಕಾಗದ ಬರೆಯಲಿಲ್ಲ. ಆಮೇಲೆ ಸೊಸೆ ಬಸುರಿ ಎಂದು ತಿಳಿದ ಮೇಲೆ ಕೋಪ ಕರಗಿತ್ತು. ಕರಗಿದೆ ಎಂದು ಮಗನಿಗೆ ಬಾಯಿಬಿಟ್ಟು ಬರೆಯಲು ಮಾತ್ರ ಬಿಗುಮಾನ ಅಡ್ಡ ಬಂದಿತ್ತು.

ದೇಶ ಎರಡಾಗುತ್ತದೆ ಎಂದು ಖಚಿತವಾದ ಆ ಮುಂಗಾರಿನಲ್ಲಿ, ಮಧ್ಯಾಹ್ನದ ಬಿಡುವಿನ ಹೊತ್ತಿಗೆ ಸಾಬರು ಒಂದು ತಂತಿ ಹಿಡಿದುಕೊಂಡು ಬಂದರು. ಆಗೆಲ್ಲ ತಂತಿ ಅಂದರೆ ಸಾವು ಎಂದೇ ಲೆಕ್ಕ. ನಾನು ಓದಿದೆ. ಸಾವಲ್ಲ. ಇಂಗ್ಲಿಷಿನಲ್ಲಿ ಹತ್ತು ಪದ: ಇಲ್ಲೇ ಇರುವುದಾಗಿ ಬರೆದುಕೊಡುತ್ತೇನೆ, ಫೈನಲ್ಲೋ ಪ್ರಾವಿಷನಲ್ಲೋ, ತಂತಿಯಲ್ಲಿ ತಿಳಿಸಿ.

"ಹಂಗಂದ್ರೆ?" ಅಂದರು.

"ಸರ್ಕಾರ ಎರಡಾಗ್ತಿದೆಯಲ್ಲ ಸಾಬ್ರೇ, ನೌಕರರು ಯಾವ ಕಡೆ ಅಂತ ಬರ್ಕೊಡಬೇಕು. ನಿಮ್ಮ ಮಗ ಸದ್ಯಕ್ಕೆ ಅಲ್ಲೇ ಇರ್ತಾರಂತೆ."

"ಇರ್ಲಿ, ಇರ್ಲಿ. ದಾರೀಲೆಲ್ಲ ಗಲಾಟೆ, ಬಸುರಿ ಹೆಂಗಸನ್ನ ಕಟ್ಕೊಂಡು ಎಲ್ಲಿಗೆ ಬರ್ತಾನೆ. ಆ ಎರಡು ಮಾತು ಏನು?"

ಇಂಗ್ಲಿಷ್ ಕೇಳಿದರೆ ನನಗೆ ಎಲ್ಲಿಲ್ಲದ ಹುರುಪು. ಹಿಂದೆಮುಂದೆ ನೋಡದೆ ಹೇಳಿದೆ. "ಫೈನಲ್ ಅಂದ್ರೆ ಖಾಯಂ. ಪ್ರಾವಿಷನಲ್ ಅಂದ್ರೆ ತಾತ್ಕಾಲಿಕ."

ಅವರ ಮುಖ ಬಿಚ್ಚಿಕೊಂಡಿತು. ನಕ್ಕರು. "ಇದೂ ಒಂದು ಕೇಳೋ ಮಾತಾ? ಎಷ್ಟು ಓದಿದ್ರೂ ಹುಡುಗ ಹುಡುಗನೇ. ತಾತ್ಕಾಲಿಕದ ಸುಖ ಏನು ಅಂತ ನಿಮ್ಮ ಮುಖ ನೋಡಿದ್ರೆ ಸಾಲ್ದಾ ಗೌಡ್ರೇ? ಖಾಯಂ ಅಂತಲೇ ಬರೀಲಿ. ಸೊಸೆ ಮನೆಯವರ ಮುಂದೆ ನನ್ನ ಮಗ ತಾತ್ಕಾಲಿಕ ಆಗೋದು ಬೇಡ."

ನಾನೂ ನಕ್ಕೆ. ನನ್ನ ತಲೆಯಲ್ಲೂ ತುಂಬಿಕೊಂಡಿದ್ದದ್ದು ನೌಕರಿಯೇ. ಅಂಚೆ ಕಚೇರಿಗೆ ಹೋಗಿ ನನ್ನ ಕೈಯಾರೆ ಜವಾಬಿನ ತಂತಿ ಬರೆದೆ. ಒಂದೇ ಪದ, ಫೈನಲ್. ಬಾವಿಯ ದಾರಿಗೆ ಅಷ್ಟು ವಿಚಾರಣೆ ಮಾಡಿದ ಮನುಷ್ಯ, ಎಲ್ಲವನ್ನೂ ಮೂರು ಸಲ ಓದಿಸುವ ಮನುಷ್ಯ, ಅಂದು ಆ ಪದವನ್ನು ಎರಡನೆಯ ಸಲ ಕೇಳಲಿಲ್ಲ. ನನ್ನ ಇಂಗ್ಲಿಷಿನ ಮೇಲೆ ಅಷ್ಟು ನಂಬಿಕೆ ಅವರಿಗೆ.

ಆಮೇಲೆ ಎರಡು ತಿಂಗಳು ಆ ಕಡೆಯಿಂದ ಸುದ್ದಿಯಿಲ್ಲ. ಪತ್ರಿಕೆಯಲ್ಲಿ ಬರುವುದನ್ನು ಅವರಿಗೆ ಓದಿ ಹೇಳಲು ನನಗೆ ಧೈರ್ಯವಿರಲಿಲ್ಲ. ಅವರು ಕೇಳುತ್ತಲೂ ಇರಲಿಲ್ಲ. ದಸರೆ ಕಳೆದ ಮೇಲೆ ಉರ್ದುವಿನಲ್ಲಿ ಒಂದು ಕಾಗದ ಬಂತು. ಅದನ್ನು ಓದಲು ಅವರಿಗೆ ನಾನು ಬೇಕಾಗಲಿಲ್ಲ. ಓದಿಕೊಂಡು ಹೊಂಗೆ ಮರದ ಕೆಳಗೆ ಬಹಳ ಹೊತ್ತು ಕೂತಿದ್ದರು. ಪತ್ರ ಬರೆಸಲು ಬಂದವರು ಎದುರಿಗೆ ಕಾದು ಕಾದು ಎದ್ದುಹೋದರು. ಸಂಜೆ ಕಚೇರಿ ಮುಗಿಸಿ ಹೊರಗೆ ಬಂದಾಗ ನನ್ನನ್ನು ಕರೆದರು.

"ಗೌಡ್ರೇ, ಆವತ್ತು ತಾತ್ಕಾಲಿಕ ಅಂದ್ರಲ್ಲ, ಏನು ತಾತ್ಕಾಲಿಕ?"

ಅವರು ಕಾಗದವನ್ನು ಮಗನ ಮಾತಿನಲ್ಲೇ ಕನ್ನಡದಲ್ಲಿ ಹೇಳಿದರು. ಹೆಣ್ಣುಮಗು ಹುಟ್ಟಿದೆ, ಎಲ್ಲರೂ ಕ್ಷೇಮ. ಪ್ರಾವಿಷನಲ್ ಎಂದು ಬರೆದಿದ್ದ ಜೊತೆಯವರಿಗೆಲ್ಲ ಮನಸ್ಸು ಬದಲಾಯಿಸಲು ಆರು ತಿಂಗಳ ಅವಕಾಶವಿದೆ. ಒಬ್ಬೊಬ್ಬರಾಗಿ ಊರಿಗೆ ಹೊರಡುತ್ತಿದ್ದಾರೆ. ನಾನೂ ಹಾಗೆ ಬರೆಯಬೇಕೆಂದಿದ್ದೆ. ನೀವು ಫೈನಲ್ ಎಂದಿರಿ. ನಿಮ್ಮನ್ನು ಕೇಳದೆ ಮದುವೆಯಾದದ್ದಕ್ಕೆ ಇದು ನಿಮ್ಮ ತೀರ್ಪು ಎಂದು ತಿಳಿದು ತಲೆಬಾಗಿ ಹಾಗೇ ಬರೆದುಕೊಟ್ಟೆ. ಇನ್ನು ನಿಮ್ಮ ಹೊಸಿಲಿಗೆ ಬಂದು ನಿಮಗೆ ಬೇಸರ ಮಾಡುವುದಿಲ್ಲ.

ಖಾಯಂ ಎಂದರೆ ಆ ದೇಶಕ್ಕೆ ಖಾಯಂ, ತಾತ್ಕಾಲಿಕ ಎಂದರೆ ಹಿಂದಕ್ಕೆ ಬರಲು ಇಟ್ಟುಕೊಂಡ ಬಾಗಿಲು. ನೌಕರಿಯ ಮಾತೇ ಅಲ್ಲ ಅದು. ತಪ್ಪಾಯಿತು ಸಾಬ್ರೇ ಎಂದು ಅವರ ಕಾಲು ಹಿಡಿಯಲು ಹೋದೆ. ಹಿಂದಕ್ಕೆ ಸರಿದರು. "ನಿಮ್ಮದೇನಿದೆ. ನೀವು ಪದ ಹೇಳಿದ್ರಿ, ಅರ್ಥ ನಾನು ಮಾಡ್ಕೊಂಡೆ" ಅಂದರು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ರೈಲ್ವೆಯವರಿಗೆ ಅರ್ಜಿಗಳನ್ನು ಬರೆದೆವು. ಫೈನಲ್ ಎಂದು ಕೊಟ್ಟದ್ದನ್ನು ತಿದ್ದಲಾಗದು ಎಂದು ಒಂದು ಸಾಲಿನ ಜವಾಬು ಬಂತು. "ಹೋಗ್ಲಿ, ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದುಬಿಡ್ಲಿ ಸಾಬ್ರೇ. ಹೆಂಗಾದ್ರೂ ಬದುಕ್ಕೋಬಹುದು" ಅಂದೆ.

"ಬರೋಕೆ ದಾರಿ ಇಲ್ಲ ಅಂತಲ್ಲ ಗೌಡ್ರೇ. ಅಪ್ಪ ಬರಬೇಡ ಅಂದ ಅಂತ ತಿಳ್ಕೊಂಡವ್ನೆ. ಅದನ್ನ ತೆಗೀಬೇಕು ಮೊದಲು."

ಅವರು ಮಗನಿಗೆ ಎಲ್ಲವನ್ನೂ ಬಿಡಿಸಿ ಬರೆದರು. ಪದದ ಅರ್ಥ ತಿಳಿಯದೆ ಹೇಳಿದೆ, ತಪ್ಪು ನನ್ನದು, ಬಂದುಬಿಡು ಎಂದು. ಜವಾಬು ಬರಲು ಮೂರು ತಿಂಗಳಾಯಿತು. ಅದನ್ನೂ ನನಗೆ ಓದಿ ಹೇಳಿದರು. "ಅಪ್ಪಾ, ಬಾವಿಯ ದಾರಿಗೆ ಎಂಟು ಪ್ರಶ್ನೆ ಕೇಳುವವರು ನೀವು. ಮಗನ ವಿಷಯದಲ್ಲಿ ಪದದ ಅರ್ಥ ಕೇಳದೆ ತಂತಿ ಕೊಟ್ಟಿರಿ ಎಂದರೆ ಹೇಗೆ ನಂಬಲಿ? ನನ್ನ ಸಮಾಧಾನಕ್ಕೆ ಹೀಗೆ ಬರೆದಿದ್ದೀರಿ. ನೀವು ಪದ ತಪ್ಪುವವರಲ್ಲ." ಓದಿ ಮುಗಿಸಿ ಕಾಗದವನ್ನು ಮಡಿಸಿದರು, ಮತ್ತೆ ಬಿಚ್ಚಿದರು, ಮತ್ತೆ ಮಡಿಸಿದರು.

"ಅವನಿಗೆ ಸಾಕ್ಷಿ ಬೇಕು ಗೌಡ್ರೇ. ನೀವು ನಾಲ್ಕು ಸಾಲು ಬರೀರಿ. ಹಿಂಗಿಂಗೆ ಆಯ್ತು, ಅರ್ಥ ಹೇಳಿದೋನು ನಾನು ಅಂತ. ಓದಿದೋರು, ಬೇರೆ ಜಾತಿಯೋರು, ನೀವು ಬರೆದ್ರೆ ನಂಬ್ತಾನೆ."

"ಬರೀತೀನಿ ಸಾಬ್ರೇ. ಇವತ್ತೇ ಬರೀತೀನಿ" ಅಂದೆ.

ಬರೆಯಲಿಲ್ಲ.

ಇದನ್ನು ಇಷ್ಟು ವರ್ಷ ಯಾರ ಹತ್ತಿರವೂ ಹೇಳಿಲ್ಲ. ಗಾಂಧೀಜಿ ಹೋಗಿದ್ದರು. ಎಲ್ಲರ ಮೇಲೂ ಎಲ್ಲರಿಗೂ ಅನುಮಾನ. ಆಚೆ ದೇಶಕ್ಕೆ ಕಾಗದ ಬರೆಯುವವರ ಹೆಸರನ್ನು ಗುರುತು ಹಾಕಿಕೊಳ್ಳುತ್ತಾರಂತೆ ಎಂದು ಕಾಫಿ ಹೋಟೆಲಿನಲ್ಲಿ ಯಾರೋ ಅಂದರು. ನಿಜವೋ ಸುಳ್ಳೋ ನಾನು ವಿಚಾರಿಸಲಿಲ್ಲ. ನನ್ನನ್ನು ಖಾಯಂ ಮಾಡುವ ಕಾಗದ ಮೇಲಿನವರ ಮೇಜಿಗೆ ಹೋಗಿತ್ತು. ಇವತ್ತು ಬೇಡ, ನಾಳೆ. ನಾಳೆ ಬೇಡ, ಆರ್ಡರು ಬರಲಿ. ಹದಿನೈದು ದಿನ ಕಳೆದ ಮೇಲೆ ಅವರೇ ಕೇಳಿದರು. "ಬರೆದ್ರಾ ಗೌಡ್ರೇ?" "ಬರೆದೆ ಸಾಬ್ರೇ, ಅಂಚೆಗೆ ಹಾಕ್ಬಿಟ್ಟೆ" ಅಂದುಬಿಟ್ಟೆ. ಬಾಯಿಂದ ತಾನಾಗಿ ಬಂತು ಸುಳ್ಳು. ಅವರು ನನ್ನ ಎರಡೂ ಕೈ ಹಿಡಿದುಕೊಂಡು ಹಣೆಗೆ ಒತ್ತಿಕೊಂಡರು.

ಅಂದಿನಿಂದ ಸಾಬರು ಜವಾಬಿಗೆ ಕಾದರು. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಬರೆಯುತ್ತಿದ್ದ ಪದವನ್ನು ಅರ್ಧಕ್ಕೇ ನಿಲ್ಲಿಸುವರು. ಅವರ ಪತ್ರಗಳಿಂದ ಖಾಯಂ ಎಂಬ ಪದವೂ ಮಾಯವಾಯಿತು. "ಖಾಯಂ ಆಗಿ ಅನುಭವಿಸತಕ್ಕದ್ದು ಅಂತ ಹಾಕಿ ಸಾಬ್ರೇ" ಎಂದು ಜನ ಕೇಳಿದರೆ, "ಸೂರ್ಯ ಚಂದ್ರ ಇರೋವರೆಗೆ ಅಂತ ಹಾಕಿದೀನಿ, ಸಾಕು" ಅನ್ನುತ್ತಿದ್ದರು. ಮಧ್ಯೆ ಮಧ್ಯೆ ನನಗೇ ಧೈರ್ಯ ಹೇಳುತ್ತಿದ್ದರು. "ಇದು ಒಲೆ ಬೇರೆಯಾಗಿರೋದು ಅಷ್ಟೇ. ಸಮೇತನಹಳ್ಳಿಯೋರು ಮೂರು ವರ್ಷಕ್ಕೆ ಕೂಡ್ಲಿಲ್ವಾ? ಈ ಎರಡು ದೇಶದೋರೂ ಕೂಡ್ತಾರೆ. ಆಗ ಫೈನಲ್ಲೂ ಇಲ್ಲ, ಗಡಿ ದಾಟೋ ಪರ್ಮಿಟ್ಟೂ ಇಲ್ಲ. ಮಗ ರೈಲು ಹತ್ತಿ ಬಂದುಬಿಡ್ತಾನೆ." ನಾನು ಹೂಂಗುಟ್ಟುತ್ತಿದ್ದೆ. ಅವರ ನಂಬಿಕೆ ನನಗೂ ಅನುಕೂಲವಾಗಿತ್ತು. ದೇಶಗಳೇ ಒಂದಾಗಿಬಿಟ್ಟರೆ ನನ್ನ ಕಾಗದದ ಅಗತ್ಯವೇ ಇರುವುದಿಲ್ಲವಲ್ಲ.

ಮಾರನೆಯ ವರ್ಷದ ಸುಗ್ಗಿ ಮುಗಿದ ಮೇಲೆ ಸಮೇತನಹಳ್ಳಿಯ ಆ ಅಣ್ಣತಮ್ಮಂದಿರೇ ಬಂದರು. ಮುದುಕಿ ತೀರಿಕೊಂಡು ತಿಂಗಳಾಗಿತ್ತು. "ಇನ್ ಆಗಾಕಿಲ್ಲ ಸಾಬ್ರೇ. ಅವ್ವ ಇರೋಗಂಟ ತಡ್ಕೊಂಡ್ವಿ. ಬೇರೆ ಮಾಡ್ಕೊಡಿ" ಎಂದು ಅಣ್ಣ ಹೇಳಿದ. ತಮ್ಮ ಮುಖ ಆ ಕಡೆ ತಿರುಗಿಸಿಕೊಂಡು ನಿಂತಿದ್ದ. ಸಾಬರು ಬರೆದುಕೊಟ್ಟರು. ಹೆತ್ತವ್ವ ಯಾರ ಒಲೆಗೆ ಎಂಬ ಪ್ರಶ್ನೆ ಈ ಸಲ ಇರಲಿಲ್ಲ. ಮೂರು ಸಲ ಓದಲೂ ಇಲ್ಲ. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, "ಕೂಡೋದು ತಾತ್ಕಾಲಿಕ ಗೌಡ್ರೇ. ಒಡೆಯೋದು ಮಾತ್ರ ಖಾಯಂ" ಅಂದರು. ಒಂದು ವರ್ಷದ ಮೇಲೆ ಆ ಪದ ಅವರ ಬಾಯಲ್ಲಿ ಬಂದದ್ದು ಅದೊಂದೇ ಸಲ.

ಆಮೇಲೆ ಅವರು ಮರದ ಕೆಳಗೆ ಬರುವುದು ಕಡಿಮೆಯಾಯಿತು. ಕಿವಿಯ ಮೇಲಿನ ನೀಲಿ ಪಟ್ಟೆ ತಿಂಗಳು ತಿಂಗಳಿಗೆ ಮಾಸಿ ಬೆಳ್ಳಗಾಯಿತು. ನಾನು ನೋಡಲು ಹೋದರೆ ಅದೇ ಮಾತು. "ನೀವು ಬರೆದ್ರೂ ಜವಾಬಿಲ್ಲ. ಸಾಕ್ಷಿ ಹೇಳಿದ ಮೇಲೂ ನಂಬಲಿಲ್ಲ ಅಂದ್ರೆ ಅವನ ಮನಸ್ಸಿನಲ್ಲಿ ನಾನು ಎಂಥ ಅಪ್ಪ ಆಗಿರಬೇಕು." ಆಗಲಾದರೂ ಹೇಳಬಹುದಿತ್ತು. ನಾನು ಬರೆದೇ ಇಲ್ಲ, ನಿಮ್ಮ ಮಗನಿಗೆ ಸಾಕ್ಷಿ ತಲುಪೇ ಇಲ್ಲ ಎಂದು. ಒಂದು ಮಾತು ಆಡಿದ್ದರೆ ಆ ಮುದುಕನ ಎದೆಯ ಮೇಲಿನ ಕಲ್ಲು ನನ್ನ ಎದೆಗೆ ಬರುತ್ತಿತ್ತು. ಅದಕ್ಕೇ ಆಡಲಿಲ್ಲ.

ಕೊನೆಯ ಸಲ ಹೋದಾಗ ದಿಂಬಿನ ಕೆಳಗಿನಿಂದ ಒಂದು ಹಾಳೆ ತೆಗೆದು ಕೊಟ್ಟರು. "ಒಂದು ಪತ್ರ ಬರೆದಿಟ್ಟಿದೀನಿ. ಯಾರಾದ್ರೂ ಕೇಳಿದ್ರೆ ತಯಾರಿರಲಿ ಅಂತ. ಓದ್ಕೊಂಡು ರುಜು ಹಾಕಿ." ಮೇಲೆ ಕೂಡಿಕೆ ಪತ್ರ ಎಂದಿತ್ತು. ಜಮೀನಿನ ಪತ್ರದಲ್ಲಿ ಬರೆಯುವ ಹಾಗೆಯೇ ನಾಲ್ಕು ದಿಕ್ಕಿನ ಗಡಿ ಕಾಣಿಸಿದ್ದರು: ಪೂರ್ವಕ್ಕೆ ಬರ್ಮಾ ಸೀಮೆ, ಪಶ್ಚಿಮಕ್ಕೆ ಅಫಘಾನರ ಸೀಮೆ, ಉತ್ತರಕ್ಕೆ ಹಿಮದ ಬೆಟ್ಟ, ದಕ್ಷಿಣಕ್ಕೆ ಸಮುದ್ರ, ಈ ಮಧ್ಯೆ ಇರುವ ಭೂಮಿಯನ್ನು ಉಭಯ ಪಕ್ಷದವರೂ ಸ್ವಇಚ್ಛೆಯಿಂದ ಮತ್ತೆ ಒಂದು ಮಾಡಿಕೊಂಡಿದ್ದೇವೆ. ನನಗೆ ಹೆದರಿಕೆಯಾಯಿತು. "ಇಂಥದ್ದಕ್ಕೆಲ್ಲ ರುಜು ಹಾಕೋಕಾಗುತ್ತಾ ಸಾಬ್ರೇ, ನಾನು ಸರ್ಕಾರಿ ನೌಕರ. ಆಮೇಲೆ ನೋಡೋಣ" ಎಂದು ಮಡಿಸಿ ಜೇಬಿಗೆ ಹಾಕಿಕೊಂಡೆ. ಅವರು, "ಆಗ್ಲಿ" ಅಂದರು.

ಎಂಟು ದಿನಕ್ಕೆ ಹೋದರು. ಅದೇ ತಿಂಗಳು ನನ್ನ ಆರ್ಡರು ಬಂತು. ಖಾಯಂ.

ಅಂದೇ ಕೂತು ಅವರ ಮಗನಿಗೆ ನಾಲ್ಕು ಸಾಲಲ್ಲ, ನಾಲ್ಕು ಪುಟ ಬರೆದೆ. ಐದು ತಿಂಗಳಾದ ಮೇಲೆ, ವಿಳಾಸದಾರರು ಇಲ್ಲಿಲ್ಲ ಎಂಬ ಷರಾದ ಜೊತೆ ಲಕೋಟೆ ಒಡೆಯದೆ ವಾಪಸು ಬಂತು. ಅವನು ಎಲ್ಲಿಗೆ ಹೋದನೋ, ಇದ್ದಾನೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಎಲ್ಲಿದ್ದರೂ ಅಪ್ಪ ನನ್ನನ್ನು ಬೇಡವೆಂದ ಎಂದುಕೊಂಡೇ ಇದ್ದಾನೆ.

ಮೊನ್ನೆ ನನ್ನ ಮಕ್ಕಳಿಬ್ಬರೂ ಬೇರೆಯಾಗುವ ಮಾತೆತ್ತಿದರು. ಮನೆಯ ಪತ್ರ ಹುಡುಕಲು ಟ್ರಂಕು ತೆಗೆದಾಗ ಆ ಲಕೋಟೆಯ ಕೆಳಗೆ ಸಾಬರ ಹಾಳೆ ಸಿಕ್ಕಿತು. ಮಸಿ ಸ್ವಲ್ಪವೂ ಮಾಸಿಲ್ಲ. ಕೊನೆಯಲ್ಲಿ ಬರೆದವರ ಜಾಗದಲ್ಲಿ ಅವರ ರುಜು. ಅದರ ಮೇಲೆ ಸಾಕ್ಷಿ ಎಂದು ಬರೆದು ನನ್ನ ಹೆಸರು, ನನ್ನ ತಂದೆಯ ಹೆಸರು, ನಮ್ಮೂರು, ಒಂದು ಕೊಂಬೂ ತಪ್ಪಿಲ್ಲದೆ. ಮುಂದೆ ನನ್ನ ರುಜುವಿಗೆ ಎರಡು ಬೆರಳು ಜಾಗ ಬಿಟ್ಟಿದ್ದಾರೆ.

ಪೆನ್ನು ತೆಗೆದುಕೊಂಡೆ. ನಿಬ್ಬು ಹಾಳೆಗೆ ತಾಗುವ ಮುಂಚೆ ಹೊಂಗೆ ಮರದ ಕೆಳಗೆ ಕೂತು ಅತ್ತ ಆ ರೈತನೂ, ಅವನಿಗೆ ನೀರು ಕೊಟ್ಟು ಸಾಬರು ಹೇಳಿದ ಮಾತೂ ನೆನಪಾಯಿತು. ಜಾಗವನ್ನು ಹಾಗೇ ಬಿಟ್ಟು, ಬೇರೆ ಹಾಳೆ ತೆಗೆದುಕೊಂಡು ಇದನ್ನು ಬರೆದೆ. ಇದು ಸಾಕ್ಷಿ ಅಲ್ಲ. ಇದಕ್ಕೆ ಏನನ್ನಬೇಕೆಂದು ಅವರು ಅಂದೇ ಹೇಳಿದ್ದಾರೆ.